ಪಾರಂಪರಿಕ ರೈಲಿಗೆ ಸಮಯ ಕೊಡುವುದಾದರೆ: ಎಂಜಿನ್ ಬಳಿಯೋ, ಆಡಳಿತ ಮಂಡಳಿಯಲ್ಲೋ?

ಬ್ರಿಟನ್ನಿನ ಪಾರಂಪರಿಕ ರೈಲುಗಳಲ್ಲಿ, ಅಂದರೆ ಹಳೆಯ ಹಳಿ ಮತ್ತು ಹಬೆ ಎಂಜಿನ್‌ಗಳನ್ನು ಉಳಿಸಿ ಓಡಿಸುವ ಸಂಸ್ಥೆಗಳಲ್ಲಿ, ಸ್ವಯಂಸೇವಕರಾಗಬೇಕು ಎನ್ನುವವರ ಮುಂದೆ ಮುಖ್ಯವಾಗಿ ಈ ಎರಡು ದಾರಿಗಳಿವೆ.

ಎಂಜಿನ್ ಕಡೆ ಹೋದರೆ ಮೊದಲು ಕೈಗೆ ಬರುವುದು ಎಣ್ಣೆ ಬಟ್ಟೆ. ಎಂಜಿನ್ ಒರೆಸುವುದರಿಂದ ಶುರು, ಆಮೇಲೆ ಎಂಜಿನ್ನಿನ ಬೆಂಕಿ ನೋಡಿಕೊಳ್ಳುವ ಫೈರ್‌ಮನ್, ಕೊನೆಗೆ ಡ್ರೈವರ್. ಇದಕ್ಕೆ ವರ್ಷಗಳೇ ಹಿಡಿಯುತ್ತವೆ. ತಣ್ಣಗಿರುವ ಬಾಯ್ಲರ್‌ನಲ್ಲಿ ಹಬೆ ಏರಲು ಗಂಟೆಗಟ್ಟಲೆ ಬೇಕು, ಹಾಗಾಗಿ ಬೆಳಗಿನ ರೈಲಿಗೆ ಕತ್ತಲಲ್ಲೇ ಬೆಂಕಿ ಹಚ್ಚಬೇಕು. ಮೈ ನೋಯುತ್ತದೆ, ನಿಜ. ಆದರೆ ಸಂಜೆ ಹೊರಡುವಾಗ ನೀವು ಮಾಡಿದ್ದು ಕಣ್ಣೆದುರೇ ನಿಂತಿರುತ್ತದೆ.

ಮಂಡಳಿಯ ಕೆಲಸ ಹಾಗೆ ಕಾಣುವುದಿಲ್ಲ. ಬಾಯ್ಲರ್ ಪೂರ್ತಿ ಬಿಚ್ಚಿ ದುರಸ್ತಿ ಮಾಡಲು ದುಡ್ಡು ಎಲ್ಲಿಂದ? ಸೇತುವೆ ಮೊದಲೋ, ಬೋಗಿ ಮೊದಲೋ? ಸಂಸ್ಥೆ ದತ್ತಿಯಾಗಿದ್ದರೆ ಅದರ ಟ್ರಸ್ಟಿಗಳಿಗೆ, ಅಂದರೆ ಮಂಡಳಿಯ ಸದಸ್ಯರಿಗೆ, ಸಾಮಾನ್ಯವಾಗಿ ಸಂಬಳವಿಲ್ಲ, ಕಾನೂನಿನ ಹೊಣೆ ಮಾತ್ರ ಇದೆ. ಅದಕ್ಕಿಂತ ಕಷ್ಟದ್ದು ಜನರನ್ನು ಜೊತೆಗಿಟ್ಟುಕೊಳ್ಳುವುದು. ಸಂಬಳವಿಲ್ಲದವರಿಗೆ ಅಪ್ಪಣೆ ಕೊಟ್ಟರೆ ನಡೆಯದು. ಮನಸ್ಸು ನೊಂದವರು ಮುಂದಿನ ವಾರ ಬರುವುದೇ ಇಲ್ಲ. ಪ್ರತಿ ನಿರ್ಧಾರಕ್ಕೂ ಕಾರಣ ಹೇಳಿ ಒಪ್ಪಿಸುವ ತಾಳ್ಮೆ ಇಲ್ಲದಿದ್ದರೆ ಈ ಕುರ್ಚಿ ಬೇಡ.

ಹಾಗೆಂದು ಇದನ್ನು ಒಣ ಕೆಲಸ ಎನ್ನಲಾರೆ. ವೇಲ್ಸ್‌ನ ಟಾಲಿಲಿನ್ ರೈಲು ಉಳಿದದ್ದು 1950ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಸೇರಿದ ಒಂದು ಸಭೆಯಿಂದ. ಸ್ವಯಂಸೇವಕರ ರೈಲು ಓಡಿದ್ದು ಮರುವರ್ಷ. ಸಭೆಗೆ ಮುಂದಾಳಾಗಿದ್ದ ಟಾಮ್ ರೋಲ್ಟ್ ತಾವೇ ಅಲ್ಲಿ ಮ್ಯಾನೇಜರ್ ಆಗಿ ದುಡಿದರು.

ಲೆಕ್ಕಪತ್ರ ಬಲ್ಲವರು, ದೂರದಲ್ಲಿರುವವರು ನೇರವಾಗಿ ಮಂಡಳಿಗೆ ನೆರವಾಗಬಹುದು. ಉಳಿದವರಿಗೆ ನನ್ನ ಸಲಹೆ: ಮೊದಲು ಎರಡು ವರ್ಷ ಹಳಿಯ ಮೇಲೆ ಕಳೆಯಿರಿ, ಮಂಡಳಿಯ ಚುನಾವಣೆ ಆಮೇಲೆ.