ತುಮಕೂರಿನಿಂದ ಬೆಂಗಳೂರಿಗೆ ಗಾಲಿಕುರ್ಚಿಯೊಂದಿಗೆ: ಬಸ್ಸೋ, ರೈಲೋ, ಟ್ಯಾಕ್ಸಿಯೋ?

ಗಾಲಿಕುರ್ಚಿ ಬಳಸುವ ಮಗನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಲು ಯಾವುದು ಅನುಕೂಲ ಎಂದು ಕೇಳಿದ್ದೀರಿ. ದಾರಿ ಸುಮಾರು 70 ಕಿ.ಮೀ. ಮಾತ್ರ, ಹತ್ತಿ ಇಳಿಯುವುದೇ ದೊಡ್ಡ ಪಾಡು.

ಖರ್ಚಿನಲ್ಲಿ ಬಸ್ಸು ಹಗುರ. ಅಂಗವಿಕಲರ ರಿಯಾಯಿತಿ ಪಾಸ್ ಇದೆ, ಶಕ್ತಿ ಯೋಜನೆಯಿಂದಾಗಿ ತಾಯಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ರೈಲಿನಲ್ಲೂ ನೆರವಿಲ್ಲದೆ ಪ್ರಯಾಣಿಸಲಾಗದ ಮಗುವಿಗೆ ಎರಡನೇ ದರ್ಜೆ ಮತ್ತು ಸ್ಲೀಪರ್‌ನಲ್ಲಿ ಶೇ 75 ರಿಯಾಯಿತಿ, ಜೊತೆಗಾರರೊಬ್ಬರಿಗೂ ಅಷ್ಟೇ. ಅದರ ಕಾರ್ಡನ್ನು ಮೊದಲೇ ಮಾಡಿಸಿಕೊಳ್ಳಿ. ಟ್ಯಾಕ್ಸಿ ದುಬಾರಿ.

ಹತ್ತುವ ವಿಷಯಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಊರಿಂದೂರಿಗೆ ಓಡುವ ಬಸ್ಸಿನ ಮೆಟ್ಟಿಲು ಎತ್ತರ, ಬಾಗಿಲು ಕಿರಿದು. ಮಗುವನ್ನು ಒಬ್ಬರು ಎತ್ತಿಕೊಂಡರೆ, ಕುರ್ಚಿಯನ್ನು ಮಡಚಿ ಹಿಂದೆಯೇ ಹತ್ತಲು ಇನ್ನೊಬ್ಬರು ಬೇಕು. ಐದು ವರ್ಷದ ಮಗುವನ್ನು ಹೀಗೆ ಹತ್ತಿಸಬಹುದು. ಹದಿಮೂರರ ಹುಡುಗನನ್ನು ಎತ್ತಿದರೆ ತಾಯಿಯ ಸೊಂಟ ಉಳಿಯುವುದಿಲ್ಲ. ಸಾರಿಗೆ ಎಲ್ಲರಿಗೂ ಎಟುಕಬೇಕೆಂದು ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯೇ ಹೇಳುತ್ತದೆ. ಹೀಗಿದ್ದೂ ಮಕ್ಕಳನ್ನು ಮೂಟೆಯಂತೆ ಹೊರಬೇಕಾಗಿರುವುದು ಅನ್ಯಾಯ.

ಅನೇಕ ಎಕ್ಸ್‌ಪ್ರೆಸ್ ರೈಲುಗಳಲ್ಲಿ ಅಂಗವಿಕಲರ ಬೋಗಿಗೆ ಅಗಲವಾದ ಬಾಗಿಲು, ದೊಡ್ಡ ಶೌಚಾಲಯ ಇರುತ್ತವೆ. ಆದರೆ ಅದು ಸಾಮಾನ್ಯವಾಗಿ ರೈಲಿನ ತುದಿಯಲ್ಲಿರುತ್ತದೆ, ರೈಲು ನಿಲ್ಲುವುದೋ ಸ್ವಲ್ಪ ಹೊತ್ತು. ಬೋಗಿ ಎಲ್ಲಿ ಬರುತ್ತದೆಂದು ಮೊದಲೇ ವಿಚಾರಿಸಿ ಅಲ್ಲಿಯೇ ಕಾದಿರಿ.

ಟ್ಯಾಕ್ಸಿ ಮನೆಬಾಗಿಲಿಗೆ ಬರುತ್ತದೆ. ಸಿಎನ್‌ಜಿ ಗಾಡಿಯಾದರೆ ಸಾಮಾನ್ಯವಾಗಿ ಸಿಲಿಂಡರೇ ಡಿಕ್ಕಿಯನ್ನು ತುಂಬಿಕೊಂಡಿರುತ್ತದೆ. ಕುರ್ಚಿಗೆ ಜಾಗವಿದೆಯೇ ಎಂದು ಗೊತ್ತುಮಾಡುವಾಗಲೇ ಕೇಳಿ.

ಮಗು ಚಿಕ್ಕದು, ಜೊತೆಗೆ ಇಬ್ಬರಿದ್ದರೆ ಬಸ್ಸು. ಮಗ ಬೆಳೆದಿದ್ದು, ಆಸ್ಪತ್ರೆಯ ಸಮಯಕ್ಕೆ ರೈಲು ಹೊಂದಿದರೆ ರೈಲು. ಶಸ್ತ್ರಚಿಕಿತ್ಸೆಯ ನಂತರ ಅಥವಾ ಒಬ್ಬರೇ ಹೋಗುವಾಗ ಟ್ಯಾಕ್ಸಿಗೇ ಹಣ ಎತ್ತಿಡಿ.