ಹಳೆ ಶೆವ್ರೊಲೆ ಎಕ್ಸ್‌ಪ್ರೆಸ್ 3500: ಎಳೆಯಲು ಗಟ್ಟಿ, ಇರಲು ಇಕ್ಕಟ್ಟು

ವ್ಯಾನ್ ಹಿಂದೆ ಟ್ರೇಲರ್ ಕಟ್ಟುವ ಯೋಚನೆ ನಿಮಗಿಲ್ಲವಾದರೆ ಈ ಗಾಡಿ ನಿಮಗೆ ಬೇಡ. ನೆಟ್ಟಗೆ ನಿಲ್ಲಲೂ ಆಗದ ಕಡೆ ಸುಮ್ನೆ ಯಾಕೆ ಬೆನ್ನು ಬಗ್ಗಿಸಿಕೊಂಡು ಓಡಾಡಬೇಕು? ಎತ್ತರದ ಛಾವಣಿಯ ಸ್ಪ್ರಿಂಟರ್ ಅಥವಾ ಟ್ರಾನ್ಸಿಟ್ ವ್ಯಾನ್ ನೋಡಿ. ಇಲ್ಲ, ನಾಲ್ಕು ಸಾವಿರ ಪೌಂಡ್ ಎಳೆಯಲೇಬೇಕು, ಹತ್ತು ಸಾವಿರ ಡಾಲರ್ ಒಳಗೆ ಗಾಡಿ ಸಿಗಬೇಕು, ಒಳಗೆ ಮಲಗಲೂ ಬೇಕು ಅನ್ನುವವರಿಗೆ ಮಾತ್ರ ಈ ವಿಮರ್ಶೆ.

ನಮ್ಮದು 2006ರ ಶೆವ್ರೊಲೆ ಎಕ್ಸ್‌ಪ್ರೆಸ್ 3500. 12 ಜನ ಕೂರುವ ಮಾದರಿ, 135 ಇಂಚಿನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ), 6.0 ಲೀಟರ್ ವಿ8 ಪೆಟ್ರೋಲ್ ಎಂಜಿನ್. ನಾವಿರುವುದು ಅರಿಜೋನಾದ ಫೀನಿಕ್ಸ್ ಹತ್ತಿರ. ಬೇಸಿಗೆಯಲ್ಲಿ ಇಲ್ಲಿ 43–45 ಡಿಗ್ರಿ ಬಿಸಿಲು ಮಾಮೂಲು. ಇಬ್ಬರದ್ದೂ ಲ್ಯಾಪ್‌ಟಾಪ್ ಕೆಲಸವಾದ್ದರಿಂದ ಬೇಸಿಗೆ ಪೂರ್ತಿ ಎತ್ತರದ, ತಂಪಾದ ಫ್ಲ್ಯಾಗ್‌ಸ್ಟಾಫ್ ಕಡೆ, ಕೊಲೊರಾಡೊ ಕಡೆ ವ್ಯಾನಿನಲ್ಲೇ ಇರುತ್ತೇವೆ. ಶಿವಮೊಗ್ಗದಿಂದ ಅಪ್ಪ ಅಮ್ಮ ಬಂದ ವರ್ಷ ಅವರಿಗೆ ಮಲಗಲು ಒಂದು ಚಿಕ್ಕ ಟ್ರಾವೆಲ್ ಟ್ರೇಲರ್ ಹಿಂದೆ ಬರುತ್ತದೆ. ಕೊಂಡು ವರ್ಷಗಳೇ ಆದವು. ಮೀಟರ್ ಈಗ ಎರಡು ಲಕ್ಷ ಮೈಲಿಯ ಹತ್ತಿರ ಇದೆ.

ಸರಕಿನ ವ್ಯಾನ್ ಬಿಟ್ಟು ಸೀಟಿನ ವ್ಯಾನನ್ನೇ ಯಾಕೆ ಹುಡುಕಿದೆವು ಅಂದರೆ, ಓಡುವಾಗ ಟ್ರೇಲರ್ ಒಳಗೆ ಜನ ಕೂರುವುದಕ್ಕೆ ಬಹಳಷ್ಟು ರಾಜ್ಯಗಳಲ್ಲಿ ಅನುಮತಿ ಇಲ್ಲ, ಅನುಮತಿ ಇದ್ದ ಕಡೆಯೂ ಅದು ಅಪಾಯವೇ. ನಾಲ್ಕೂ ಜನ ವ್ಯಾನಿನಲ್ಲೇ ಬೆಲ್ಟ್ ಹಾಕಿ ಕೂರಬೇಕು. ಸೀಟಿನ ಮಾದರಿಯಲ್ಲಿ ಬೆಲ್ಟ್‌ಗಳು ಕಂಪನಿಯಿಂದಲೇ ಚೌಕಟ್ಟಿಗೆ ಬಿಗಿದು ಬಂದಿರುತ್ತವೆ. ಹಿಂದೆ ಬೇರೆ ಎಸಿ ಇರುತ್ತದೆ. ಒಂದು ಸಾಲು ಸೀಟ್ ಉಳಿಸಿಕೊಂಡು ಉಳಿದದ್ದನ್ನು ಬಿಚ್ಚಿ ಹಾಸಿಗೆ ಕಟ್ಟಿಸಿದೆವು. ಕಿಟಕಿಗಳು ಜಾಸ್ತಿ ಇರುವುದರಿಂದ ಬಿಸಿಲು, ಚಳಿ ಎರಡೂ ಒಳಗೆ ಬರುತ್ತವೆ ಅನ್ನುವುದೂ ನಿಜ. ಪ್ರತಿ ಕಿಟಕಿಗೂ ಅಳತೆ ತೆಗೆದು ಪರದೆ ಹೊಲಿಸಬೇಕಾಯಿತು.

ಹಳೆ ವ್ಯಾನ್ ನೋಡಲು ಹೋದಾಗ ಎಲ್ಲರೂ ಮೊದಲು ಮೈಲಿ ಕೇಳುತ್ತಾರೆ. ನಾನು ಮೊದಲು ಕೇಳುವುದು ಗೇರ್‌ಬಾಕ್ಸ್ ಯಾವುದು ಅಂತ. ಆ ವರ್ಷಗಳಲ್ಲಿ 6.0 ಎಂಜಿನ್ ಇರುವ 3500ಕ್ಕೆ 4ಎಲ್80ಇ ಎಂಬ ದಪ್ಪ ಗೇರ್‌ಬಾಕ್ಸ್ ಬರುತ್ತಿತ್ತು. ಸಣ್ಣ ಎಂಜಿನ್ ಇರುವ ವ್ಯಾನ್‌ಗಳಿಗೆ ಸಾಮಾನ್ಯವಾಗಿ 4ಎಲ್60ಇ. ಎರಡಕ್ಕೂ ನಾಲ್ಕೇ ಗೇರ್, ಹೆಸರಿನಲ್ಲಿ ಒಂದು ಅಂಕಿ ಮಾತ್ರ ಬೇರೆ, ಆದರೆ ಭಾರ ಹೊರುವ ತಾಕತ್ತಿನಲ್ಲಿ ಅಜಗಜಾಂತರ. ಚಿಕ್ಕದನ್ನು ಕಟ್ಟಿಕೊಂಡು ಬೆಟ್ಟದಲ್ಲಿ ಟ್ರೇಲರ್ ಎಳೆದರೆ ಮೂರು ನಾಲ್ಕು ಸಾವಿರ ಡಾಲರ್ ಗೇರ್‌ಬಾಕ್ಸ್ ಖರ್ಚು ಬಾಗಿಲಲ್ಲಿ ಕಾಯುತ್ತಿರುತ್ತದೆ.

ಇದನ್ನೆಲ್ಲ ಮಾರುವವರ ಬಾಯಿಮಾತಲ್ಲಿ ನಂಬಬೇಕಿಲ್ಲ. ವಿನ್ ನಂಬರಿನ (ಪ್ರತಿ ಗಾಡಿಗೂ ಇರುವ ಗುರುತಿನ ಸಂಖ್ಯೆ) ಎಂಟನೇ ಅಕ್ಷರ ‘ಯು’ ಇದ್ದರೆ ಆ ವರ್ಷಗಳ ಎಕ್ಸ್‌ಪ್ರೆಸ್‌ನಲ್ಲಿ ಅದು 6.0 ಎಂಜಿನ್. ‘ವಿ’ ಇದ್ದರೆ 4.8, ‘ಟಿ’ ಇದ್ದರೆ 5.3. ಮತ್ತೆ ವ್ಯಾನ್ ಒಳಗೆ ಎಲ್ಲೋ ಒಂದು ಬಿಳಿ ಸ್ಟಿಕರ್ ಇರುತ್ತದೆ, ತುಂಬಾ ಮೂರಕ್ಷರದ ಕೋಡ್‌ಗಳು. ಎಂಟಿ1 ಅಂದರೆ ದಪ್ಪ ಗೇರ್‌ಬಾಕ್ಸ್. ಜಿಟಿ4 ಅಂದರೆ ಹಿಂದಿನ ಆಕ್ಸಲ್‌ನ ಗೇರ್ ಅನುಪಾತ 3.73, ಜಿಟಿ5 ಅಂದರೆ 4.10. ಎಳೆಯುವವರಿಗೆ 4.10 ಒಳ್ಳೆಯದು, ಖಾಲಿ ಓಡಿಸುವವರಿಗೆ 3.73. ಝಡ್82 ಇದ್ದರೆ ಟ್ರೇಲರ್ ಪ್ಯಾಕೇಜ್ ಸಮೇತ ಫ್ಯಾಕ್ಟರಿಯಿಂದ ಬಂದ ಗಾಡಿ. ಜಿ80 ಇದ್ದರೆ ಹಿಂದಿನ ಒಂದು ಚಕ್ರ ಮಣ್ಣಲ್ಲಿ ಜಾರಿದಾಗ ಇನ್ನೊಂದೂ ಸೇರಿಕೊಳ್ಳುತ್ತದೆ. ಕಾಡಿನ ರಸ್ತೆಯಲ್ಲಿ ಟೆಂಟ್ ಜಾಗ ಹುಡುಕುವವರಿಗೆ ಇದು ಬೇಕೇ ಬೇಕು. ಸ್ಟಿಕರ್ ಫೋಟೊ ಕಳಿಸಿ ಅಂತ ಫೋನಿನಲ್ಲೇ ಕೇಳಿ. ಕಳಿಸದಿದ್ದರೆ ಅಷ್ಟು ದೂರ ಹೋಗಲೇಬೇಡಿ.

ಇನ್ನು ತೂಕ. ಈ ಗಾಡಿಯ ಎಲ್ಲ ಕಥೆ ಇಲ್ಲೇ ಇದೆ.

6.0 ಎಂಜಿನ್ನಿನ 3500 ಬಹಳ ಎಳೆಯುತ್ತದೆ ಅಂತ ಜಾಹೀರಾತಿನಲ್ಲಿ ದೊಡ್ಡ ಅಂಕಿ ಇರುತ್ತದೆ. ಆ ಅಂಕಿ ಒಳಗೆ ಏನೂ ಇಲ್ಲದ ವ್ಯಾನಿಗೆ. ನಾವು ಒಳಗೆ ಮನೆ ಕಟ್ಟುತ್ತೇವೆ, ಅಲ್ವಾ? ಡ್ರೈವರ್ ಬಾಗಿಲಿನ ಸ್ಟಿಕರ್ ಪ್ರಕಾರ ನಮ್ಮ ವ್ಯಾನ್ ಎಲ್ಲ ಸೇರಿ 9,600 ಪೌಂಡ್ ದಾಟುವಂತಿಲ್ಲ, ಅಂದರೆ ಸುಮಾರು 4,350 ಕಿಲೋ. ಖಾಲಿ ವ್ಯಾನೇ ಆರು ಸಾವಿರದ ಹತ್ತಿರ. ಪ್ಲೈವುಡ್ ಹಾಸಿಗೆ, ಕಪಾಟು, ಫ್ರಿಜ್, ಬ್ಯಾಟರಿ, ಸೋಲಾರ್ ಸೇರಿದಾಗ ಸದ್ದಿಲ್ಲದೆ ಏಳು ದಾಟುತ್ತದೆ. ನೀರು ಗ್ಯಾಲನ್‌ಗೆ 8.3 ಪೌಂಡ್, 20 ಗ್ಯಾಲನ್ ತುಂಬಿಸಿದರೆ 166 ಪೌಂಡ್. ನಾಲ್ಕು ಜನ, ಅವರ ಸೂಟ್‌ಕೇಸ್, ಅಮ್ಮ ಬಿಡದೆ ತಂದ ಕಲ್ಲಿನ ಒರಳು.

ಇಷ್ಟಾದ ಮೇಲೆ ಟ್ರೇಲರ್ ಬರುತ್ತದೆ. ಅದರ ಭಾರ ಪೂರ್ತಿ ಅದರ ಚಕ್ರಗಳ ಮೇಲೆ ಇರುವುದಿಲ್ಲ. ಶೇ 10ರಿಂದ 15ರಷ್ಟು ಮೂತಿಯ ಮೂಲಕ ವ್ಯಾನಿನ ಬೆನ್ನ ಮೇಲೆ ಕೂರಬೇಕು. ಅದಕ್ಕಿಂತ ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ, ಅದು ಜೀವಕ್ಕೇ ಅಪಾಯ. 4,000 ಪೌಂಡ್ ಟ್ರೇಲರ್ ಅಂದರೆ 400ರಿಂದ 600 ಪೌಂಡ್ ವ್ಯಾನಿನ ಲೆಕ್ಕಕ್ಕೆ ಸೇರಿತು. ಎಂಜಿನ್ ಇನ್ನೂ ಎಳೆಯುತ್ತೇನೆ ಅನ್ನುತ್ತಿರುತ್ತದೆ, ಆದರೆ ಸ್ಟಿಕರಿನ ಮಿತಿ ಮುಗಿದಿರುತ್ತದೆ. ಕಡಿಮೆ ಭಾರ ಹೊರುವ 1500 ಅಥವಾ 2500 ಮಾದರಿ ತಗೊಂಡು ಒಳಗೆ ಟೈಲ್ಸ್, ಮರದ ಕೌಂಟರ್ ಕಟ್ಟಿಸಿದವರನ್ನು ನೋಡಿದ್ದೇನೆ. ಫೋಟೊ ಚೆನ್ನಾಗಿ ಬರುತ್ತದೆ. ಎಳೆಯಲು ಏನೂ ಉಳಿದಿರುವುದಿಲ್ಲ.

ಊಹೆ ಬೇಡ, ತೂಗಿ ನೋಡಿ. ಲಾರಿಗಳು ನಿಲ್ಲುವ ದೊಡ್ಡ ಬಂಕುಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನುವ ಗಾಡಿ ತೂಗುವ ಕಟ್ಟೆ ಇರುತ್ತದೆ. ಸುಮಾರು ಹದಿನೈದು ಡಾಲರ್‌ಗೆ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಆಕ್ಸಲ್ ಮೂರರ ತೂಕವೂ ಬೇರೆ ಬೇರೆಯಾಗಿ ಒಂದೇ ಚೀಟಿಯಲ್ಲಿ ಬರುತ್ತದೆ. ನೀರು ತುಂಬಿಸಿ, ಜನರನ್ನು ಕೂರಿಸಿಕೊಂಡೇ ಹೋಗಿ. ಆ ಚೀಟಿ ನೋಡಿದ ಮೇಲೆ ನಾವು ಭಾರದ ಲೆಡ್ ಬ್ಯಾಟರಿ ತೆಗೆದು ಲಿಥಿಯಂ ಹಾಕಿಸಿದೆವು, ಒರಳು ಟ್ರೇಲರಿಗೆ ಹೋಯಿತು. ಅಮ್ಮನಿಗೆ ಇನ್ನೂ ಬೇಜಾರು.

ಟೈರ್ ಬಗ್ಗೆ ಒಂದೇ ಮಾತು. ಎಲ್‌ಟಿ ಗುರುತಿನ, ಲೋಡ್ ರೇಂಜ್ ಇ ಅನ್ನುವ ಹೆಚ್ಚು ಭಾರ ಹೊರುವ ಟೈರೇ ಆಗಬೇಕು, ಹಿಂದೆ 80 ಪಿಎಸ್‌ಐ ಗಾಳಿ. ಕಾರಿನ ಟೈರ್ ಹಾಕಿ ಮಾರುವವರಿದ್ದಾರೆ. ಅರಿಜೋನಾ ಸೇರಿ ಬಹಳಷ್ಟು ರಾಜ್ಯಗಳಲ್ಲಿ 3,000 ಪೌಂಡ್ ದಾಟಿದ ಟ್ರೇಲರಿಗೆ ಅದರದ್ದೇ ಬ್ರೇಕ್ ಕಡ್ಡಾಯ, ಹಾಗಾಗಿ ಟ್ರೇಲರಿನ ಬ್ರೇಕನ್ನು ನಡೆಸುವ ಬ್ರೇಕ್ ಕಂಟ್ರೋಲರ್ ವ್ಯಾನಿನಲ್ಲಿ ಬೇಕು. ಹಿಂದೆ ಏಳು ಪಿನ್ನಿನ ಸಾಕೆಟ್ ಇದೆಯಾ, ಅದರಲ್ಲಿ ಕರೆಂಟ್ ಬರುತ್ತದೆಯಾ ಎರಡನ್ನೂ ನೋಡಿ. ಕ್ಯಾಲಿಫೋರ್ನಿಯಾಕ್ಕೆ ಹೋಗುವವರಿಗೆ ನೆನಪಿರಲಿ: ಟ್ರೇಲರ್ ಇದ್ದಾಗ ಅಲ್ಲಿ ಗಂಟೆಗೆ 55 ಮೈಲಿಯೇ ಮಿತಿ.

ಬೆಟ್ಟದಲ್ಲಿ ಹೇಗೆ? ಫೀನಿಕ್ಸ್‌ನಿಂದ ಫ್ಲ್ಯಾಗ್‌ಸ್ಟಾಫ್‌ಗೆ ಹೋಗುವ ಐ-17 ಹೆದ್ದಾರಿ ಸುಮಾರು 1,100 ಅಡಿಯಿಂದ 7,000 ಅಡಿಗೆ ಏರುತ್ತದೆ. ಬ್ಲ್ಯಾಕ್ ಕ್ಯಾನ್ಯನ್ ಸಿಟಿ ದಾಟಿದ ಮೇಲೆ ಸನ್‌ಸೆಟ್ ಪಾಯಿಂಟ್‌ವರೆಗಿನ ಏರಿನಲ್ಲಿ ಬೇಸಿಗೆಯ ಮಧ್ಯಾಹ್ನ ಪಕ್ಕದಲ್ಲಿ ಹೊಗೆಯಾಡುತ್ತ ನಿಂತ ಕಾರುಗಳು ಕಾಣುತ್ತವೆ. ನಮ್ಮ ಗಾಡಿ ಅಲ್ಲಿ ಭಾರ ಎಳೆಯುವಾಗ ಬಳಸುವ ಟೋ/ಹಾಲ್ ಗುಂಡಿ ಒತ್ತಿ, ಎರಡನೇ ಗೇರಿನಲ್ಲಿ, 45 ಮೈಲಿ ವೇಗದಲ್ಲಿ ಕೂಗುತ್ತ ಹತ್ತುತ್ತದೆ. ಕೂಗು ಅಂದರೆ ಕೂಗೇ. ಫ್ಯಾನ್ ಸದ್ದಿಗೆ ಮಾತು ಕೇಳುವುದಿಲ್ಲ. ಟರ್ಬೊ ಇಲ್ಲದ ಎಂಜಿನ್ ಎತ್ತರದಲ್ಲಿ ಪ್ರತಿ ಸಾವಿರ ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಆದ್ದರಿಂದ ಮೇಲೆ ಹೋದಂತೆ ಸುಸ್ತಾಗುವುದು ಸಹಜ. ಗೇರ್‌ಬಾಕ್ಸ್ ಎಣ್ಣೆಯ ಬಿಸಿ ನೋಡಲು ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಒಂದು ಅಗ್ಗದ ಒಬಿಡಿ ರೀಡರ್ ಸಿಕ್ಕಿಸಿ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. 220 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಬಂದರೆ ಪಕ್ಕಕ್ಕೆ ನಿಲ್ಲಿಸುವುದು, ವಾದ ಇಲ್ಲ. ಇಳಿಯುವಾಗ ನಮ್ಮ ಘಾಟಿ ಡ್ರೈವರುಗಳ ಹಳೆ ನಿಯಮವೇ: ಹತ್ತಿದ ಗೇರಿನಲ್ಲೇ ಇಳಿಯಬೇಕು. ಬ್ರೇಕ್ ತುಳಿಯುತ್ತಲೇ ಬಂದರೆ ಕೆಳಗೆ ತಲುಪುವಷ್ಟರಲ್ಲಿ ಬ್ರೇಕೇ ಉಳಿದಿರುವುದಿಲ್ಲ.

ಪೆಟ್ರೋಲ್ ಕುಡಿಯುತ್ತದೆ. ಖಾಲಿ ಓಡಿದರೆ ಗ್ಯಾಲನ್‌ಗೆ 13–14 ಮೈಲಿ, ಟ್ರೇಲರ್ ಕಟ್ಟಿದರೆ 9–10. ಟ್ಯಾಂಕ್ 31 ಗ್ಯಾಲನ್ ಇರುವುದರಿಂದ ಬಂಕ್ ಹುಡುಕುವ ಚಿಂತೆ ಇಲ್ಲ, ಬಿಲ್ ನೋಡುವ ಚಿಂತೆ ಇದೆ.

ಒಳಗಿನ ಬದುಕಿಗೆ ಬರೋಣ. ಎಂಜಿನ್ನಿನ ಅರ್ಧ ಭಾಗ ಮುಂದಿನ ಎರಡು ಸೀಟುಗಳ ನಡುವೆ ಒಳಗೇ ಇದೆ. ಅಪ್ಪ ಮೊದಲ ಸಲ ಹತ್ತಿ ಕೂತು, ‘ಇದು ನಮ್ಮ ಮೆಟಡೋರ್‌ನ ಅಣ್ಣ ಕಣೋ’ ಅಂದರು. ಸರಿಯಾಗೇ ಹೇಳಿದರು. ಎಂಜಿನ್ ಮುಚ್ಚುವ ಆ ಗೂಡು ಬಿಸಿಯಾಗುತ್ತದೆ. ಪಕ್ಕದ ಸೀಟಿನವರಿಗೆ ಎಡಗಾಲು ಇಡಲು ಜಾಗವೇ ಇಲ್ಲ. ಮಂಡಿ ನೋವಿರುವ ಅಪ್ಪನನ್ನು ಹಿಂದಿನ ಸಾಲಿಗೆ ಕಳಿಸಿ, ಬಾಗಿಲಿಗೆ ಒಂದು ಮೆಟ್ಟಿಲು ಹಾಕಿಸಿದೆವು. ಡ್ರೈವರ್ ಸೀಟಿನಿಂದ ಹಿಂದಕ್ಕೆ ಎದ್ದು ಹೋಗುವುದೂ ಸರ್ಕಸ್ಸೇ. ಒಳಗಿನ ಎತ್ತರ ನಾಲ್ಕೂವರೆ ಅಡಿಯ ಆಸುಪಾಸು, ಎಸಿ ಕೊಳವೆ ಇರುವ ಕಡೆ ಇನ್ನೂ ಕಡಿಮೆ. ಪ್ಯಾಂಟ್ ಹಾಕಿಕೊಳ್ಳುವುದನ್ನು ಮಲಗಿಕೊಂಡೇ ಕಲಿಯಬೇಕು.

ಅಡುಗೆ ಹಿಂದಿನ ಬಾಗಿಲು ತೆಗೆದು ಹೊರಗೇ. ಒಗ್ಗರಣೆಯನ್ನು ಒಳಗೆ ಹಾಕಿದರೆ ಹಾಸಿಗೆ ವಾರಗಟ್ಟಲೆ ಇಂಗಿನ ವಾಸನೆ ಹೊಡೆಯುತ್ತದೆ. 7,000 ಅಡಿ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸಲು ಹೋಗಬೇಡಿ, ಗ್ಯಾಸ್ ಖಾಲಿಯಾಗುತ್ತದೆ. ಕುಕ್ಕರ್ ಬೇಕೇ ಬೇಕು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಒಳಗೆ ಮಲಗಬೇಡಿ, ವ್ಯಾನ್ ಯಾವುದೇ ಇರಲಿ.

ರಿಪೇರಿ ವಿಷಯದಲ್ಲಿ ಈ ಗಾಡಿ ನನಗೆ ಇಷ್ಟ. 1996ರಿಂದ ಮೂಲ ವಿನ್ಯಾಸ ಹೆಚ್ಚು ಬದಲಾಗದೆ ಬಂದ ಗಾಡಿ, ಜಿಎಂಸಿ ಸವಾನಾ ಅನ್ನುವ ಅವಳಿ ಬೇರೆ. ಚಿಕ್ಕ ಊರಿನ ಅಂಗಡಿಯಲ್ಲೂ ಭಾಗಗಳು ಸಿಗುತ್ತವೆ. ಇಷ್ಟು ವಯಸ್ಸಿಗೆ ಬರಬೇಕಾದ್ದು ಬಂದಿದೆ: ವಾಟರ್ ಪಂಪ್, ಟ್ಯಾಂಕಿನೊಳಗಿನ ಫ್ಯೂಯಲ್ ಪಂಪ್, ಮುಂದಿನ ಬಾಲ್ ಜಾಯಿಂಟ್‌ಗಳು. ಎಂಜಿನ್ನಿನ ಹೊಗೆ ಹೊರಗೆ ಹಾಕುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಬೋಲ್ಟ್ ಮುರಿಯುವುದು ಈ ಎಂಜಿನ್‌ಗಳಲ್ಲಿ ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತಿರುವ ವಿಷಯ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ಟಿಕ್ ಟಿಕ್ ಸದ್ದು ಬರುತ್ತಾ ಕೇಳಿ. ಎಂಜಿನ್ ಬಿಸಿ ಮಾಡಿ ಇಟ್ಟುಕೊಂಡು ಕಾಯುವ ಮಾರಾಟಗಾರರ ಮೇಲೆ ಸ್ವಲ್ಪ ಅನುಮಾನ ಇರಲಿ.

ತುಕ್ಕಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಮಿಶಿಗನ್, ಒಹಾಯೊ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಮೇಲೆ ಹೊಳೆಯುವ ವ್ಯಾನಿನ ಅಡಿಯಲ್ಲಿ ಬ್ರೇಕ್ ಪೈಪು, ಚೌಕಟ್ಟು ತಿಂದುಹೋಗಿರುತ್ತದೆ. ಆ ಕಡೆ ಇರುವವರು ವಿಮಾನದಲ್ಲಿ ಅರಿಜೋನಾ, ಟೆಕ್ಸಸ್ ಕಡೆಗೆ ಬಂದು ಕೊಂಡು ಓಡಿಸಿಕೊಂಡು ಹೋದರೂ ಲಾಭವೇ. ಇಲ್ಲಿನ ಗಾಡಿಗಳಲ್ಲಿ ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಿರುತ್ತದೆ, ರಬ್ಬರ್ ಒಣಗಿರುತ್ತದೆ. ಅದಕ್ಕೆಲ್ಲ ಮದ್ದಿದೆ.

ಬೇರೆ ಯಾವುದು ನೋಡಿದಿರಿ ಅಂತ ಕೇಳುವವರಿಗೆ: ಫೋರ್ಡ್ ಇ-350 ವಿ10 ಚೆನ್ನಾಗಿ ಎಳೆಯುತ್ತದೆ, ನಮ್ಮದಕ್ಕಿಂತಲೂ ಕುಡುಕ. ಅದೇ ಫೋರ್ಡ್‌ನ 6.0 ಡೀಸೆಲ್‌ಗೆ ಹೆಡ್ ಗ್ಯಾಸ್ಕೆಟ್ ತೊಂದರೆಯ ಹೆಸರಿದೆ, ಕೈಯಲ್ಲಿ ದುಡ್ಡು ಜಾಸ್ತಿ ಇದ್ದರೆ ಮಾತ್ರ. 2006ರವರೆಗಿನ ಹಳೆ ಸ್ಪ್ರಿಂಟರ್ ಎತ್ತರ ಇದೆ, ಮೈಲೇಜ್ ಎಷ್ಟೋ ಮೇಲು, ಆದರೆ ಎಳೆಯುವ ಮಿತಿ 5,000 ಪೌಂಡ್, ತುಕ್ಕು ಹಿಡಿದ ಗಾಡಿಗಳೇ ಜಾಸ್ತಿ. ಇಬ್ಬರೇ ಇದ್ದು ಟ್ರೇಲರ್ ಹಗುರವಾಗಿದ್ದರೆ ನಾನೂ ಅದನ್ನೇ ತಗೊಳ್ಳುತ್ತಿದ್ದೆ.

ಕಾಗದಪತ್ರದ ಬಗ್ಗೆ ನಮ್ಮವರಿಗೆ ಬೇಕಾದ ಎರಡು ಮಾತು. ಒಳಗೆ ಹಾಸಿಗೆ ಕಟ್ಟಿಸಿದ ವ್ಯಾನಿಗೆ ಎಲ್ಲ ಇನ್ಶೂರೆನ್ಸ್ ಕಂಪನಿಗಳೂ ಪಾಲಿಸಿ ಕೊಡುವುದಿಲ್ಲ, ಕೊಳ್ಳುವ ಮೊದಲೇ ಫೋನ್ ಮಾಡಿ ಕೇಳಿ. ಇನ್ನೊಂದು, ಎಚ್‌1ಬಿ ಕೆಲಸದ ವೀಸಾ ಮೇಲಿರುವ ಹುಡುಗರು ‘ಅಣ್ಣಾ, ನಾವೂ ಹೀಗೇ ವ್ಯಾನಿಂದ ಕೆಲಸ ಮಾಡಬಹುದಾ’ ಅಂತ ಕೇಳುತ್ತಾರೆ. ರಜೆಯಲ್ಲಿ ಸುತ್ತಲು ಅಡ್ಡಿಯಿಲ್ಲ. ಆದರೆ ನಿಮ್ಮ ವೀಸಾ ಅರ್ಜಿ ಕೆಲಸದ ಜಾಗಕ್ಕೆ ಕಟ್ಟಿಕೊಂಡಿದೆ. ಆ ಮಹಾನಗರ ಪ್ರದೇಶದ ಹೊರಗೆ ಕೂತು ಕೆಲಸ ಮಾಡುವುದಾದರೆ ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕಾಗಬಹುದು. ಮನೆ ಖಾಲಿ ಮಾಡಿದರೆ ಹತ್ತು ದಿನದೊಳಗೆ ಎಆರ್-11 ಫಾರಂ ಮೂಲಕ ವಲಸೆ ಇಲಾಖೆಗೆ ಹೊಸ ವಿಳಾಸ ತಿಳಿಸಬೇಕು, ಗ್ರೀನ್ ಕಾರ್ಡ್ ಇದ್ದವರೂ ಅಷ್ಟೇ. ಮೊದಲು ಕಂಪನಿಯ ವಕೀಲರನ್ನು ಕೇಳಿ, ಆಮೇಲೆ ವ್ಯಾನ್ ನೋಡಲು ಹೋಗಿ.