ಕೊಂಡ ವಜ್ರದ ಕಟ್: ಕಣ್ಣೋ, ಲೂಪೋ, ಲ್ಯಾಬೋ?

ಮಡಿಕೇರಿಯಲ್ಲಿ ಉಂಗುರ ಕೊಂಡಾಯಿತು, ಈಗ ಅದರ ವಜ್ರದ ಕಟ್, ಅಂದರೆ ಮುಖಗಳನ್ನು ಕೆತ್ತಿರುವ ರೀತಿ, ಹೇಗೆ ನೋಡೋದು ಅಂತ ಕೇಳಿದ್ದೀರಿ.

ಕಣ್ಣಿಗೆ ಖರ್ಚಿಲ್ಲ. ಆದರೆ ಅಂಗಡಿಯ ಸ್ಪಾಟ್‌ಲೈಟ್‌ನಲ್ಲಿ ಸುಮಾರಾದ ಕಲ್ಲೂ ಮಿನುಗುತ್ತದೆ, ಅದನ್ನು ನಂಬಬೇಡಿ. ನಮ್ಮ ಮಳೆಗಾಲದ ಮೋಡದ ಬೆಳಕೇ ಒಳ್ಳೆಯ ಪರೀಕ್ಷೆ. ಜಗಲಿಯಲ್ಲಿ ಕೂತು ನೇರ ಮೇಲಿನಿಂದ ನೋಡಿ. ನಡುಭಾಗ ಗಾಜಿನಂತೆ ಖಾಲಿ ಕಂಡರೆ ಬೆಳಕು ಕಲ್ಲಿನ ತಳದಿಂದ ಸೋರಿಹೋಗುತ್ತಿದೆ, ಕಟ್ ಸರಿಯಿಲ್ಲ. ವಾಪಸ್ ಕೊಡಲು ದಿನ ಕಡಿಮೆ ಇದ್ದರೆ ಮೊದಲು ಇದನ್ನೇ ಮಾಡಿ.

10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಪುಟ್ಟ ಭೂತಗನ್ನಡಿ) ಮುಖಗಳ ಸಮತೆ, ಪಾಲಿಶ್ ತೋರಿಸುತ್ತದೆ. ಕೋನ ಅಳೆಯಲ್ಲ. ಸರ್ಟಿಫಿಕೇಟ್ ಇದ್ದವರಿಗೆ ಇದೇ ಸಾಕು: ಕಲ್ಲಿನ ಅಂಚಿನಲ್ಲಿ ಲೇಸರ್‌ನಿಂದ ಕೊರೆದ ನಂಬರ್ ಇದ್ದರೆ ಸರ್ಟಿಫಿಕೇಟಿನ ನಂಬರ್ ಜೊತೆ ಹೋಲಿಸಿ.

ಲ್ಯಾಬ್ ನಿಖರ, ದುಬಾರಿ. ವಜ್ರ ಪರೀಕ್ಷಿಸುವ ಅಮೆರಿಕದ ಸಂಸ್ಥೆ ಜಿಐಎ 2006ರಿಂದ ದುಂಡು ಬ್ರಿಲಿಯಂಟ್‌ಗೆ (ಹೊಳೆಯುವಂತೆ ಕೆತ್ತಿದ ದುಂಡು ವಜ್ರಕ್ಕೆ) ಕಟ್ ಗ್ರೇಡ್ ಕೊಡುತ್ತಿದೆ, ಆದರೆ ಕಲ್ಲನ್ನು ಉಂಗುರದಿಂದ ಬಿಚ್ಚಬೇಕು. ಸಣ್ಣ ಕಲ್ಲಿಗೆ ಸುಮ್ನೆ ಯಾಕೆ? ದೊಡ್ಡದಾದರೆ, ಕಾಗದ ಇಲ್ಲದಿದ್ದರೆ, ಕಳಿಸಿ.